ಮನೆ ಇತ್ತು, ವಿಳಾಸ ಇರಲಿಲ್ಲ: ‘ಡಾರ್ಕ್ ಡೇಸ್’ ಸಾಕ್ಷ್ಯಚಿತ್ರದ ಹಿಂದಿನ ಪ್ರಕರಣ

‘ಡಾರ್ಕ್ ಡೇಸ್’ ಮುಗಿಯುವ ಹೊತ್ತಿಗೆ ಒಂದು ದೃಶ್ಯ ಬರುತ್ತದೆ. ಜನ ತಮ್ಮ ಮನೆಗಳನ್ನು ತಾವೇ ಒಡೆಯುತ್ತಿರುತ್ತಾರೆ. ಸುತ್ತಿಗೆ ಎತ್ತಿ ಹಲಗೆಯ ಗೋಡೆಗೆ ಬಾರಿಸುತ್ತಾರೆ. ಗೋಡೆ ಬೀಳುತ್ತದೆ, ಧೂಳು ಏಳುತ್ತದೆ, ಇವರು ನಗುತ್ತಾರೆ. ವರ್ಷಗಟ್ಟಲೆ ಮಲಗಿ ಎದ್ದ ಜಾಗ ಅದು. ಬಡವರ ಮನೆ ಒಡೆಯುವುದನ್ನು ನಾವು ತೆರೆಯ ಮೇಲೆ ಬೇಕಾದಷ್ಟು ನೋಡಿದ್ದೇವೆ. ಆದರೆ ಒಡೆಯುವವರೂ ಅವರೇ, ಖುಷಿ ಪಡುವವರೂ ಅವರೇ ಆಗಿರುವುದನ್ನು ನಾನು ಬೇರೆ ಕಡೆ ನೋಡಿಲ್ಲ.

ಆ ನಗುವಿನ ತನಕ ಅವರು ಹೇಗೆ ಬಂದರು ಅನ್ನುವುದೇ ಈ ಬರಹ. ಸಿನಿಮಾ ವಿಮರ್ಶೆ ಬರೆಯುವ ಉದ್ದೇಶ ಇಲ್ಲ. ಅದನ್ನು ತುಂಬಾ ಜನ ಮಾಡಿದ್ದಾರೆ. ನನಗೆ ಬೇಕಿರುವುದು ಪ್ರಕರಣ. 1990ರ ದಶಕದ ನಡುವೆ, ನ್ಯೂಯಾರ್ಕ್ ನಗರದಲ್ಲಿ, ರೈಲು ಸುರಂಗದಲ್ಲಿ ಬದುಕುತ್ತಿದ್ದ ಒಂದಷ್ಟು ಜನ ಬಾಡಿಗೆ ಮನೆಗಳಿಗೆ ಹೋದರು. ಅವರ ಜೊತೆ ಒಂದು ಕ್ಯಾಮೆರಾ ಇತ್ತು. ಕ್ಯಾಮೆರಾ ಇದ್ದದ್ದರಿಂದ ಮನೆ ಸಿಕ್ಕಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಉಳಿದ ಅರ್ಧ ಇನ್ನೂ ಸ್ವಾರಸ್ಯವಾಗಿದೆ.

ಪಾರ್ಕಿನ ಕೆಳಗೆ

ಮೊದಲು ಜಾಗ. ಮ್ಯಾನ್‌ಹಟನ್‌ನ ಪಶ್ಚಿಮ ಅಂಚಿನಲ್ಲಿ, ಹಡ್ಸನ್ ನದಿಯ ಪಕ್ಕ ರಿವರ್‌ಸೈಡ್ ಪಾರ್ಕ್ ಇದೆ. ಅದರ ಅಡಿಯಲ್ಲಿ ರೈಲು ಸುರಂಗ. ಹೆಚ್ಚುಕಮ್ಮಿ 72ನೇ ಬೀದಿಯಿಂದ 120ರ ಆಚೆಯ ಬೀದಿಗಳ ತನಕ, ಸುಮಾರು 4 ಕಿಲೋಮೀಟರ್ ಉದ್ದ. ನದಿಯ ದಂಡೆಯಲ್ಲಿ ಬಯಲಲ್ಲೇ ಓಡುತ್ತಿದ್ದ ಗೂಡ್ಸ್ ರೈಲಿನ ಹಳಿಗಳನ್ನು 1930ರ ದಶಕದಲ್ಲಿ ನಗರದ ಪಾರ್ಕುಗಳ ಅಧಿಕಾರಿ ರಾಬರ್ಟ್ ಮೋಸೆಸ್ ಮುಚ್ಚಿಸಿದ. ಹೊಗೆ, ಗದ್ದಲ, ದನ ತುಂಬಿದ ಬೋಗಿಗಳು ಕಣ್ಣಿಗೆ ಕಾಣಬಾರದಿತ್ತು, ಅದರ ಮೇಲೆ ಪಾರ್ಕು ಹಿಗ್ಗಬೇಕಿತ್ತು. ಊರಿಗೆ ಬೇಡದ್ದನ್ನು ಮುಚ್ಚಿಡುವುದಕ್ಕೆ ಅಂತಲೇ ಹುಟ್ಟಿದ ಜಾಗ ಅದು.

ಆಮೇಲೆ ಸರಕು ಲಾರಿಗಳ ಪಾಲಾಯಿತು. 1980ರ ದಶಕದ ಶುರುವಿನಲ್ಲಿ ಗೂಡ್ಸ್ ರೈಲು ನಿಂತೇ ಹೋಯಿತು. ಹಳಿ ಉಳಿಯಿತು, ರೈಲಿಲ್ಲ. ಜನ ಬಂದರು. ಹಿಂದೆ ರೈಲ್ವೆ ಕೆಲಸದವರು ಬಳಸುತ್ತಿದ್ದ ಕೋಣೆಗಳಲ್ಲಿ ಕೆಲವರು ಸೇರಿಕೊಂಡರು, ಉಳಿದವರು ಹಲಗೆ, ಪ್ಲೈವುಡ್, ಹಳೇ ಬಾಗಿಲು ಹೊತ್ತು ತಂದು ಗುಡಿಸಲು ಕಟ್ಟಿಕೊಂಡರು. ಗೋಡೆಗಳ ಮೇಲೆ ಕ್ರಿಸ್ ಪೇಪ್ ಎಂಬ ಕಲಾವಿದ ‘ಫ್ರೀಡಂ’ ಎಂಬ ಹೆಸರಿನಲ್ಲಿ ದೊಡ್ಡ ದೊಡ್ಡ ಚಿತ್ರ ಬರೆದ. ಅದರಿಂದಲೇ ‘ಫ್ರೀಡಂ ಟನಲ್’ ಎಂಬ ಹೆಸರು. ಮೇಲಿನ ಪಾರ್ಕಿನಲ್ಲಿ ಅಲ್ಲಲ್ಲಿ ಕಬ್ಬಿಣದ ಜಾಲರಿಗಳಿವೆ. ಆ ಜಾಲರಿಯಿಂದ ಬಿಸಿಲುಕೋಲು ಇಳಿಯುವ ಕಡೆ ಮಾತ್ರ ಬೆಳಕು. ಮಿಕ್ಕಂತೆ ಹಗಲೂ ಒಂದೇ, ರಾತ್ರಿಯೂ ಒಂದೇ.

ಗುಡಿಸಲು ಅಂದೆ, ಆದರೆ ತೆರೆಯ ಮೇಲೆ ನೋಡಿದಾಗ ಆ ಪದ ಸಾಲುವುದಿಲ್ಲ. ಒಳಗೆ ಮಂಚ ಇದೆ. ಟೀವಿ ಇದೆ. ಕರೆಂಟ್ ಒಲೆ ಇದೆ. ಕರೆಂಟು ಎಲ್ಲಿಂದ? ಲೈನಿನಿಂದ ಎಳೆದುಕೊಂಡದ್ದು. ಒಬ್ಬ ತನ್ನ ನಾಯಿಗಳಿಗೆ ಅಂತ ಬೇಲಿ ಕಟ್ಟಿದ್ದಾನೆ. ಒಬ್ಬ ಅಡುಗೆ ಮಾಡುತ್ತಾನೆ. ಇನ್ನೊಬ್ಬ ಯಾವ ಹೋಟೆಲಿನ ಕಸದಲ್ಲಿ ಊಟ ಚೊಕ್ಕವಾಗಿ ಸಿಗುತ್ತದೆ, ಯಾವುದರ ಹತ್ತಿರ ಹೋಗಬಾರದು ಎಂದು ತರಕಾರಿ ಆರಿಸುವವರ ಗತ್ತಿನಲ್ಲಿ ವಿವರಿಸುತ್ತಾನೆ. ಹೆಗ್ಗಣಗಳಂತೂ ಮನೆಮಂದಿಯ ಹಾಗೆ ಓಡಾಡುತ್ತವೆ. ಮತ್ತೆ, ಬಾಗಿಲುಗಳಿವೆ. ಮುಚ್ಚಿಕೊಳ್ಳಬಹುದಾದ ಬಾಗಿಲು. ಇದು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಸಂಪಾದನೆಯ ದಾರಿ ಮೇಲೆ, ಊರಿನಲ್ಲಿ. ಬಿಸಾಡಿದ ಸಾಮಾನು ಹೆಕ್ಕಿ ಮಾರುವುದು, ಖಾಲಿ ಡಬ್ಬಿ ಬಾಟಲಿ ಆಯುವುದು. ನ್ಯೂಯಾರ್ಕ್ ರಾಜ್ಯದಲ್ಲಿ 1983ರಿಂದ ಡಬ್ಬಿಗೆ 5 ಸೆಂಟ್ ಠೇವಣಿ ಇದೆ. ಕುಡಿದವರು ಬಿಸಾಡುತ್ತಾರೆ, ಆಯ್ದವರು ಅಂಗಡಿಗೆ ಕೊಟ್ಟು ಆ 5 ಸೆಂಟ್ ಪಡೆಯುತ್ತಾರೆ. ಒಬ್ಬರಿಂದ ದಿನಕ್ಕೆ 240ಕ್ಕಿಂತ ಹೆಚ್ಚು ತೆಗೆದುಕೊಳ್ಳಲ್ಲ ಎನ್ನುವ ಹಕ್ಕು ಅಂಗಡಿಯವರಿಗೆ ಇದೆ. ಲೆಕ್ಕ ಹಾಕಿ. ಬೆನ್ನು ಮುರಿಯುವಷ್ಟು ಹೊತ್ತು ತಂದರೂ ಒಂದು ಅಂಗಡಿಯಲ್ಲಿ 12 ಡಾಲರ್. ಇವರನ್ನು ‘ಕೆಲಸ ಮಾಡದವರು’ ಅನ್ನುವವರು ಒಂದು ದಿನ 240 ಡಬ್ಬಿ ಆಯ್ದು ನೋಡಬೇಕು.

ಊರಿನಲ್ಲಿ ಹಾಸಿಗೆ ಇತ್ತಲ್ಲ?

ಇಲ್ಲಿ ಒಂದು ಪ್ರಶ್ನೆ ಏಳಲೇಬೇಕು. ನ್ಯೂಯಾರ್ಕ್ ಅಂದರೆ ಮಲಗಲು ಜಾಗ ಕೇಳಿದವರಿಗೆ ಕೊಡಲೇಬೇಕು ಎಂಬ ಕಟ್ಟುಪಾಡು ಇರುವ ಊರು. ಅಮೆರಿಕದಲ್ಲಿ ಇಷ್ಟು ಗಟ್ಟಿಯಾದ ಕಟ್ಟುಪಾಡು ಬೇರೆ ಕಡೆ ಸಿಗುವುದು ಕಷ್ಟ. ಹಾಗಿದ್ದರೂ ಜನ ಹೆಗ್ಗಣಗಳ ಜೊತೆ ಯಾಕಿದ್ದರು?

ಆ ಕಟ್ಟುಪಾಡಿನ ಕಥೆ ಹೀಗಿದೆ. 1979ರಲ್ಲಿ ರಾಬರ್ಟ್ ಹೇಯ್ಸ್ ಎಂಬ ಎಳೆಯ ವಕೀಲ, ಬೀದಿಯಲ್ಲಿದ್ದ ಗಂಡಸರ ಪರವಾಗಿ ಕೇಸು ಹಾಕಿದ. ಬಡವರ ನೆರವು ಸಾರ್ವಜನಿಕ ಹೊಣೆ ಎಂದು ನ್ಯೂಯಾರ್ಕ್ ರಾಜ್ಯದ ಸಂವಿಧಾನದಲ್ಲೇ ಬರೆದಿದೆಯಲ್ಲ, ಹಾಗಾದರೆ ಅದನ್ನು ನಡೆಸಿ ಅನ್ನುವುದು ವಾದ. 1981ರ ಆಗಸ್ಟ್‌ನಲ್ಲಿ ನಗರ ಮತ್ತು ರಾಜ್ಯ ಎರಡೂ ಒಪ್ಪಂದಕ್ಕೆ ಬಂದವು. ಕೇಸಿನಲ್ಲಿ ಮೊದಲ ಹೆಸರು ರಾಬರ್ಟ್ ಕ್ಯಾಲಹನ್‌ನದು. ಸಹಿ ಬೀಳುವ ಮೊದಲೇ ಅವನು ಬೀದಿಯಲ್ಲೇ ಸತ್ತಿದ್ದ. ಒಪ್ಪಂದದಲ್ಲಿ ಹಾಸಿಗೆಯ ಅಗಲದ ತನಕ ಬರೆದಿದ್ದಾರೆ: ಕನಿಷ್ಠ 30 ಇಂಚು, ಎರಡು ಒಗೆದ ಚಾದರ, ಒಂದು ಕಂಬಳಿ, ಬೀಗ ಹಾಕುವ ಕಪಾಟು. ಅದೇ ವರ್ಷ ಹೇಯ್ಸ್ ಮತ್ತು ಜೊತೆಗಾರರು ‘ಕೊಯಲಿಷನ್ ಫಾರ್ ದಿ ಹೋಮ್‌ಲೆಸ್’ ಸಂಸ್ಥೆ ಕಟ್ಟಿದರು. ಈ ಹೆಸರೂ ಮುಂದೆ ಬರುತ್ತದೆ.

ಕಾಗದದ ಮೇಲೆ ಚೆನ್ನಾಗಿತ್ತು. ಹಾಸಿಗೆಗಳನ್ನು ಎಲ್ಲಿ ಹಾಕುವುದು? ನಗರ ಹಳೇ ಸೇನಾ ಕಟ್ಟಡಗಳನ್ನು ಹಿಡಿದು ಶೆಲ್ಟರ್, ಅಂದರೆ ರಾತ್ರಿ ಮಲಗುವ ಆಸರೆ, ಮಾಡಿತು. ವಾಷಿಂಗ್ಟನ್ ಹೈಟ್ಸ್‌ನ ಫೋರ್ಟ್ ವಾಷಿಂಗ್ಟನ್ ಆರ್ಮರಿಯಲ್ಲಿ, ಸೈನಿಕರು ಕವಾಯತು ಮಾಡುತ್ತಿದ್ದ ಒಂದೇ ಹಜಾರದಲ್ಲಿ ಸುಮಾರು 1000 ಗಂಡಸರನ್ನು ಸಾಲು ಸಾಲಾಗಿ ಮಲಗಿಸುತ್ತಿದ್ದರು. ಕಣ್ಣು ಮುಚ್ಚಿ ಊಹಿಸಿಕೊಳ್ಳಿ: 1000 ಜನರ ಕೆಮ್ಮು, ಗೊರಕೆ, ಜಗಳ. ಕ್ಷಯ ಹರಡಿತು. ಕಾಲಲ್ಲಿದ್ದ ಶೂ ಬೆಳಗಾಗುವುದರೊಳಗೆ ಮಾಯ. ಸುರಂಗದ ಜನ ಸಿನಿಮಾದಲ್ಲಿ ಹೇಳುವುದೂ ಇದನ್ನೇ. ಅಲ್ಲಿ ಕದಿಯುತ್ತಾರೆ, ಹೊಡೆಯುತ್ತಾರೆ, ಇಲ್ಲಿ ನನ್ನ ಬಾಗಿಲು ನನ್ನದು.

ಬೇರೆ ದಾರಿ ಇತ್ತಾ? ಒಂದು ಕಾಲದಲ್ಲಿ ಇತ್ತು. ಒಂಟಿ ಗಂಡಸರು ದಿನದ ಬಾಡಿಗೆಗೋ ವಾರದ ಬಾಡಿಗೆಗೋ ಇರುತ್ತಿದ್ದ ಒಂದೇ ಕೋಣೆಯ ಹೋಟೆಲುಗಳು. ಕಕ್ಕಸು ಎಲ್ಲರಿಗೂ ಸೇರಿ ಒಂದು, ಗೋಡೆ ತೆಳು, ಆದರೆ ಸೂರು ಸೂರೇ. 1950ರ ದಶಕದಿಂದ 1980ರ ದಶಕದೊಳಗೆ ನ್ಯೂಯಾರ್ಕ್ ಅಂಥ ಕೋಣೆಗಳನ್ನು ಲಕ್ಷಕ್ಕೂ ಹೆಚ್ಚು ಕಳೆದುಕೊಂಡಿತು. ಕೆಡವಿದರು, ಇಲ್ಲವೇ ಶ್ರೀಮಂತರ ಅಪಾರ್ಟ್‌ಮೆಂಟ್ ಮಾಡಿದರು. ಅದರ ಮೇಲೆ ಕ್ರ್ಯಾಕ್ ಕೊಕೇನ್ ಬಂತು. ಸುರಂಗದ ಬಹಳ ಜನರ ಕಥೆಯಲ್ಲಿ ಕ್ರ್ಯಾಕ್ ಇದೆ, ಅದನ್ನು ಸಿನಿಮಾ ಮುಚ್ಚಿಡುವುದಿಲ್ಲ. ಸೇದುವುದನ್ನೇ ತೋರಿಸುತ್ತದೆ. ಆದರೆ ಕ್ರ್ಯಾಕ್ ಸೇದುವ ಎಲ್ಲರೂ ಸುರಂಗಕ್ಕೆ ಬರಲಿಲ್ಲ ಅಲ್ವಾ? ಬಾಡಿಗೆ ಕಟ್ಟುವ ಯಾರಾದರೂ ಮನೆಯಲ್ಲಿದ್ದರೆ ಚಟ ಮನೆಯೊಳಗೇ ಇರುತ್ತದೆ.

ಸಿನಿಮಾ ಗೊತ್ತಿಲ್ಲದವನ ಸಿನಿಮಾ

ಮಾರ್ಕ್ ಸಿಂಗರ್ ಇಂಗ್ಲೆಂಡಿನ ಹುಡುಗ. ನ್ಯೂಯಾರ್ಕಿಗೆ ಬಂದವನಿಗೆ ಬೀದಿಯಲ್ಲಿ ಮಲಗಿದವರನ್ನು ದಾಟಿ ಹೋಗುವುದು ಅಭ್ಯಾಸವಾಗಲಿಲ್ಲ. ಮಾತಾಡಿಸಿದ, ಸ್ನೇಹ ಬೆಳೆಸಿದ. ಸುರಂಗದ ಸುದ್ದಿ ಕಿವಿಗೆ ಬಿತ್ತು, ಹುಡುಕಿಕೊಂಡು ಹೋದ. ಹೋದವನು ಅಲ್ಲೇ ಉಳಿದ. ಆಗ ಅವನ ತಲೆಯಲ್ಲಿ ಸಿನಿಮಾ ಇರಲಿಲ್ಲ. ಸಿನಿಮಾದ ಮಾತು ತೆಗೆದದ್ದು ಅಲ್ಲಿಯ ನಿವಾಸಿಯೇ. ಬೆಂಕಿ ಕಾಯಿಸುತ್ತಾ ಕೂತಿದ್ದಾಗ, ನಮ್ಮ ಈ ಬದುಕನ್ನು ಯಾರಾದರೂ ಸಿನಿಮಾ ಮಾಡಬೇಕು ಎಂದು ಒಬ್ಬ ತಮಾಷೆಗೆ ಅಂದ. ಸಿಂಗರ್ ಅದನ್ನು ಗಂಭೀರವಾಗಿ ತೆಗೆದುಕೊಂಡ. ಸಿನಿಮಾ ಮಾಡೋಣ, ಮಾರೋಣ, ಆ ದುಡ್ಡಿನಲ್ಲಿ ನೀವೆಲ್ಲ ಇಲ್ಲಿಂದ ಹೊರಗೆ ಬನ್ನಿ. ಯೋಜನೆ ಅಷ್ಟೇ ಸರಳ.

ಅವನಿಗೆ ಕ್ಯಾಮೆರಾ ಹಿಡಿಯಲೂ ಬರುತ್ತಿರಲಿಲ್ಲ. ಹಿಂದೆ ಒಂದೂ ಸಿನಿಮಾ ಮಾಡಿರಲಿಲ್ಲ. 16 ಎಂಎಂ ಫಿಲ್ಮ್, ಕಪ್ಪು ಬಿಳುಪು. ಕಪ್ಪು ಬಿಳುಪನ್ನು ಇವತ್ತು ನಾವು ಸೌಂದರ್ಯ ಅಂತೇವೆ. ಅವತ್ತು ಅದರಲ್ಲಿ ಅರ್ಧ ಭಯ. ಬಣ್ಣ ಆದರೆ ಹೊಸಬ ಕೆಡಿಸಿಬಿಡುವ ಅಪಾಯ ಜಾಸ್ತಿ.

ತಂಡ ಯಾರು? ಸುರಂಗದವರೇ. ಲೈಟು ಹಿಡಿದವರು, ಸೌಂಡ್ ಹಿಡಿದವರು, ಕೇಬಲ್ ಎಳೆದವರು ಎಲ್ಲರೂ ಅವರೇ. ಈ ಮಾತನ್ನು ಓದಿ ಸುಮ್ನೆ ಮುಂದೆ ಹೋಗಬೇಡಿ, ಇಲ್ಲಿ ನಿಲ್ಲಬೇಕು. ಸಿನಿಮಾ ತಂಡಕ್ಕೆ ಏನೇನು ಬೇಕು? ಕರೆಂಟು ಬೇಕು. ಲೈನಿನಿಂದ ಕರೆಂಟ್ ಎಳೆಯುವುದು ಇವರಿಗೆ ದಿನನಿತ್ಯದ ಕೆಲಸ. ಕ್ಯಾಮೆರಾ ಅಲ್ಲಾಡದೆ ಮುಂದೆ ಹೋಗಲು ಹಳಿಯ ಮೇಲೆ ಓಡುವ ಗಾಡಿ ಬೇಕು. ಇವರಲ್ಲಿ ಒಬ್ಬನಿಗೆ ರೈಲ್ವೆ ಹಳಿ ಕೆಲಸ ಗೊತ್ತಿತ್ತು, ಅವನು ಗಾಡಿ ಮಾಡಿಕೊಟ್ಟ. ಕತ್ತಲಲ್ಲಿ ಎಡವದೆ ನಡೆಯುವವರು ಬೇಕು, ರೈಲು ಯಾವಾಗ ಬರುತ್ತದೆ ಎಂದು ಕಿವಿಯಲ್ಲೇ ತಿಳಿಯುವವರು ಬೇಕು. ಮೇಲಿನ ಊರಿನಲ್ಲಿ ಯಾವುದಕ್ಕೂ ಬಾರದ ವಿದ್ಯೆ ಇಲ್ಲಿ ಒಂದೇ ಏಟಿಗೆ ಕಸುಬಾಯಿತು.

ನಾನು ಮೊದಲ ಸಲ ನೋಡಿದಾಗ ಇದು ತಲೆಗೆ ಹೋಗಿರಲಿಲ್ಲ. ಮುಖಗಳನ್ನು ನೋಡುತ್ತಾ ಕೂತಿದ್ದೆ. ಎರಡನೇ ಸಲ ನೋಡಿದಾಗ, ಮುಖದ ಮೇಲೆ ಬಿದ್ದ ಬೆಳಕನ್ನು ಹಿಡಿದು ನಿಂತವನೂ ಪಕ್ಕದ ಗುಡಿಸಲಿನವನೇ ಅಲ್ವಾ ಅನ್ನಿಸಿತು. ತನ್ನ ಅತೀ ನೋವಿನ ಮಾತನ್ನು ಹೇಳುತ್ತಿರುವವರ ಎದುರು ಇದ್ದದ್ದು ಹೊರಗಿನ ಸಿಬ್ಬಂದಿ ಅಲ್ಲ, ನೆರೆಯವರು. ಅದಕ್ಕೇ ಅಲ್ಲಿ ಗೋಗರೆಯುವ ದನಿ ಇಲ್ಲ. ಒಬ್ಬ ಹೆಂಗಸಿನ ಗುಡಿಸಲು ಸುಟ್ಟು ಹೋಗುತ್ತದೆ. ಆಮೇಲೆ ಆಕೆ ಇನ್ನೊಬ್ಬನ ಗುಡಿಸಲಿನಲ್ಲಿ ಇರುತ್ತಾಳೆ. ಅವನು ಜಾಗ ಕೊಡುತ್ತಾನೆ, ಕೊಟ್ಟ ಮೇಲೆ ಗೊಣಗುತ್ತಾನೆ. ಜಗಳ ಆಡುತ್ತಾರೆ, ಮತ್ತೆ ಒಟ್ಟಿಗೆ ಇರುತ್ತಾರೆ. ಯಾವ ಮನೆಯಲ್ಲಿ ಹೀಗಿಲ್ಲ ಹೇಳಿ?

ಚಿತ್ರೀಕರಣ ಎಳೆಯಿತು. ವರ್ಷ ಎರಡಾಯಿತು. ಸಿಂಗರ್‌ನ ದುಡ್ಡು ಮುಗಿಯಿತು, ಸಾಮಾನು ಮಾರಿಕೊಂಡ, ಸಾಲ ಮಾಡಿದ. ಸಿನಿಮಾ ಮಾರಿ ಜನರನ್ನು ಹೊರಗೆ ತರುವ ಯೋಜನೆ ಅಲ್ಲಿಗೆ ಕುಂಟುತ್ತಿತ್ತು.

30 ದಿನ

ಅಷ್ಟರಲ್ಲಿ ರೈಲು ವಾಪಸ್ ಬಂದಿತ್ತು. 1991ರ ಏಪ್ರಿಲ್‌ನಿಂದ ಅಮೆರಿಕದ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್, ಉತ್ತರದ ಆಲ್ಬನಿ ಕಡೆಯ ರೈಲುಗಳನ್ನು ಪೆನ್ ಸ್ಟೇಷನ್‌ಗೆ ತರಲು ಇದೇ ಸುರಂಗ ಬಳಸತೊಡಗಿತು. ಗುಡಿಸಲುಗಳ ಪಕ್ಕದಲ್ಲೇ ರೈಲು ಹೋಗುವುದು ಸಿನಿಮಾದಲ್ಲಿ ಕಾಣುತ್ತದೆ. ರೈಲ್ವೆಯ ಕಡೆಯಿಂದ ನೋಡಿದರೆ ಇದು ನಡೆಯುವ ಮಾತಲ್ಲ. ಹಳಿ ಪಕ್ಕ ಬೆಂಕಿ, ಎಳೆದ ಕರೆಂಟು, ಕತ್ತಲಲ್ಲಿ ಓಡಾಡುವ ಜನ. ಯಾರಾದರೂ ಸತ್ತರೆ ಯಾರು ಹೊಣೆ? ಅವರ ವಾದವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಲ್ಲಿ ಯಾರೂ ಬದುಕಬಾರದು ಎಂಬುದು ಸರಿಯೇ. ಆದರೆ ಹೊರಟವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ನೋಟಿಸಿನಲ್ಲಿ ಉತ್ತರ ಇರುವುದಿಲ್ಲ.

30 ದಿನದೊಳಗೆ ಖಾಲಿ ಮಾಡಬೇಕು ಎಂದರು. ಪೊಲೀಸರು ಬಂದು ಹೇಳಿ ಹೋದರು.

ಇಲ್ಲಿ ಸಿಂಗರ್ ಮಾಡಿದ್ದು ಸಿನಿಮಾದವರ ಕೆಲಸ ಅಲ್ಲ. ಕ್ಯಾಮೆರಾ ಬದಿಗಿಟ್ಟು ಕೊಯಲಿಷನ್ ಫಾರ್ ದಿ ಹೋಮ್‌ಲೆಸ್‌ಗೆ ಹೋದ. ಆಗ ಅದನ್ನು ನಡೆಸುತ್ತಿದ್ದವರು ಮೇರಿ ಬ್ರೋಸ್ನಹನ್. ಹಾಸಿಗೆಯ ಹಕ್ಕಿಗಾಗಿ ಹೋರಾಡಿದ ಸಂಸ್ಥೆ ಅದು ಅಂದೆನಲ್ಲ, ಈಗ ಅದರ ಮುಂದೆ ನಿಂತದ್ದು ಆ ಹಾಸಿಗೆಗಳಿಂದ ಓಡಿ ಬಂದ ಜನ. ‘ಶೆಲ್ಟರ್‌ಗೆ ಹೋಗಿ’ ಎಂದು ಕಳಿಸಿಬಿಡಬಹುದಿತ್ತು, ಕಳಿಸಲಿಲ್ಲ. ಆಮ್‌ಟ್ರ್ಯಾಕ್ ಜೊತೆ ಮಾತಿಗೆ ಕೂತರು. ಗಡುವು ಮುಂದೆ ಹೋಯಿತು. ಇನ್ನೊಂದು ಕಡೆಯಿಂದ ಕೇಂದ್ರ ಸರ್ಕಾರದ ವಸತಿ ಇಲಾಖೆಯ ಬಾಗಿಲು ತಟ್ಟಿದರು. ಸುರಂಗದ ಜನರಿಗೆ ಅಂತಲೇ ಬಾಡಿಗೆ ವೋಚರುಗಳು ಮಂಜೂರಾದವು.

ಈ ವೋಚರ್ ಏನು ಎಂದು ಬಿಡಿಸಿ ಹೇಳಬೇಕು. ಸಿನಿಮಾ ಅದನ್ನು ಒಂದು ಮಾತಿನಲ್ಲಿ ದಾಟಿಸುತ್ತದೆ, ಆದರೆ ಇಡೀ ಪ್ರಕರಣದ ಗಂಟು ಇರುವುದೇ ಇಲ್ಲಿ. ‘ಸೆಕ್ಷನ್ 8’ ಎಂದು ಕರೆಯುವ ಇದು 1974ರ ವಸತಿ ಕಾಯ್ದೆಯಿಂದ ಬಂದದ್ದು. ಸರ್ಕಾರ ಮನೆ ಕಟ್ಟಿಕೊಡುವುದಿಲ್ಲ. ಊರಿನಲ್ಲಿ ಇರುವ ಬಾಡಿಗೆ ಮನೆಯನ್ನೇ ಹುಡುಕಿಕೊಳ್ಳಬೇಕು. ಬಾಡಿಗೆದಾರ ತನ್ನ ಆದಾಯದ ಸುಮಾರು 30% ಕೊಡುತ್ತಾನೆ, ಉಳಿದದ್ದನ್ನು ಸರ್ಕಾರ ನೇರವಾಗಿ ಓನರ್‌ಗೆ ಕಟ್ಟುತ್ತದೆ. ಉದಾಹರಣೆಗೆ ಬಾಡಿಗೆ 600 ಡಾಲರ್, ಲೆಕ್ಕಕ್ಕೆ ಬರುವ ಆದಾಯ ತಿಂಗಳಿಗೆ 300 ಡಾಲರ್ ಎಂದುಕೊಳ್ಳಿ. ಇವನದು 90, ಸರ್ಕಾರದ್ದು 510. ಆದಾಯ ಬಿದ್ದರೆ ಇವನ ಪಾಲೂ ಇಳಿಯುತ್ತದೆ. ಡಬ್ಬಿ ಆಯುವವನಿಗೆ, ಅಂದರೆ ಒಂದು ತಿಂಗಳಿದ್ದ ಹಾಗೆ ಇನ್ನೊಂದು ತಿಂಗಳು ಇರದವನಿಗೆ, ಇದಕ್ಕಿಂತ ಚೆನ್ನಾಗಿ ಹೊಂದುವ ಲೆಕ್ಕ ನನಗಂತೂ ಹೊಳೆಯುವುದಿಲ್ಲ.

ಆದರೆ ಅದು ಬೇಕೆಂದವರಿಗೆ ಸಿಗುವ ವಸ್ತು ಅಲ್ಲ. ಅದೇ ಹೊತ್ತಿನಲ್ಲಿ, 1994ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕ್ ನಗರ ವಸತಿ ಪ್ರಾಧಿಕಾರ ಸೆಕ್ಷನ್ 8ರ ಕಾಯುವ ಪಟ್ಟಿಯನ್ನು ಸಾಮಾನ್ಯ ಅರ್ಜಿದಾರರಿಗೆ ಮುಚ್ಚಿತು. ಮತ್ತೆ ತೆರೆದದ್ದು 2007ರಲ್ಲಿ. ಸುರಂಗದ ಒಬ್ಬ ತಾನಾಗಿಯೇ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತಿದ್ದರೆ ಏನಾಗುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಬೇರೆಯೇ ಮಂಜೂರಾತಿ, ಅದನ್ನು ಬೆನ್ನು ಹತ್ತಿ ಕೊಡಿಸುವ ಸಂಸ್ಥೆ, ಎರಡೂ ಇದ್ದುದರಿಂದ ಆಯಿತು.

ಸಿಕ್ಕ ಮೇಲೂ ಮುಗಿಯಲಿಲ್ಲ. ವೋಚರಿಗೆ ಗುರುತಿನ ದಾಖಲೆ ಬೇಕು, ಆದಾಯದ ಪುರಾವೆ ಬೇಕು. ವರ್ಷಗಟ್ಟಲೆ ನೆಲದಡಿ ಬದುಕಿದವನ ಜನನ ಪ್ರಮಾಣಪತ್ರ ಎಲ್ಲಿರುತ್ತದೆ? ಅದನ್ನು ತರಿಸಬೇಕೆಂದರೆ ಅಂಚೆ ಎಲ್ಲಿಗೆ ಬರಬೇಕು? ವಿಳಾಸ ಪಡೆಯಲು ವಿಳಾಸ ಬೇಕು. ಕೈಗೆ ವೋಚರ್ ಬಂದ ಮೇಲೆ ಮನೆ ಹುಡುಕಲು ದಿನಗಳ ಲೆಕ್ಕ ಶುರುವಾಗುತ್ತದೆ, ಸಾಮಾನ್ಯವಾಗಿ 60 ದಿನ, ಬೇಡಿದರೆ ಇನ್ನಷ್ಟು. ಅಷ್ಟರೊಳಗೆ ಒಪ್ಪುವ ಓನರ್ ಸಿಗಬೇಕು. ‘ಹಿಂದೆ ಎಲ್ಲಿದ್ರಿ?’ ಎಂಬುದು ಎಲ್ಲ ಓನರ್‌ಗಳ ಮೊದಲ ಪ್ರಶ್ನೆ.

ಇವೆಲ್ಲ ತೆರೆಯ ಮೇಲೆ ಚೆಂದ ಕಾಣುವ ಕೆಲಸಗಳಲ್ಲ. ಫಾರ್ಮ್ ತುಂಬುವುದನ್ನು ಯಾರೂ ಟಿಕೆಟ್ ಕೊಟ್ಟು ನೋಡುವುದಿಲ್ಲ.

ಸಿನಿಮಾ ಮಾಡಿದ್ದೇನು, ಚಿತ್ರೀಕರಣ ಮಾಡಿದ್ದೇನು

ಈಗ ತಾರೀಕುಗಳನ್ನು ಪಕ್ಕಪಕ್ಕ ಇಡಿ. ಜನ ಸುರಂಗ ಬಿಟ್ಟದ್ದು 1990ರ ದಶಕದ ನಡುವೆ. ಸಿನಿಮಾ ಮೊದಲು ತೆರೆ ಕಂಡದ್ದು 2000ದ ಜನವರಿಯಲ್ಲಿ, ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ. ಅಲ್ಲಿ ಮೂರು ಪ್ರಶಸ್ತಿ ಬಂತು: ಪ್ರೇಕ್ಷಕರ ಪ್ರಶಸ್ತಿ, ಛಾಯಾಗ್ರಹಣದ್ದು, ಅಭಿವ್ಯಕ್ತಿ ಸ್ವಾತಂತ್ರ್ಯದ್ದು. ಕ್ಯಾಮೆರಾ ಹಿಡಿಯಲು ಬಾರದವನಿಗೆ ಛಾಯಾಗ್ರಹಣದ ಪ್ರಶಸ್ತಿ! ಡಿಜೆ ಶಾಡೋ ಸಂಗೀತಕ್ಕೂ ಹೆಸರು ಬಂತು. ಅಂದರೆ, ಸಿನಿಮಾ ನೋಡಿ ಮರುಗಿದ ಒಬ್ಬನೇ ಒಬ್ಬ ಪ್ರೇಕ್ಷಕ ಹುಟ್ಟುವುದಕ್ಕೆ ಮೊದಲೇ ಇವರಿಗೆ ಮನೆ ಸಿಕ್ಕಿತ್ತು.

ಸಾಕ್ಷ್ಯಚಿತ್ರಗಳ ಬಗ್ಗೆ ನಾವು ಹೇಳಿಕೊಳ್ಳುವ ಕಥೆ ಸಾಮಾನ್ಯವಾಗಿ ಹೀಗಿರುತ್ತದೆ: ಕಷ್ಟ ತೋರಿಸಿದರು, ಜನ ನೋಡಿದರು, ಮನ ಕರಗಿತು, ಸರ್ಕಾರ ಎಚ್ಚೆತ್ತಿತು. ಈ ಪ್ರಕರಣದಲ್ಲಿ ಹಾಗೆ ಆಗಲೇ ಇಲ್ಲ. ಉಪಕಾರ ಮಾಡಿದ್ದು ಸಿನಿಮಾ ಅಲ್ಲ, ಚಿತ್ರೀಕರಣ. ಎರಡೂ ಒಂದೇ ಅನ್ನಿಸಬಹುದು, ಒಂದೇ ಅಲ್ಲ.

ಚಿತ್ರೀಕರಣದಿಂದ ಆದದ್ದು ಇಷ್ಟು. ಹೊರಗಿನವನೊಬ್ಬ ಎರಡು ವರ್ಷಕ್ಕೂ ಮಿಕ್ಕಿ ಅಲ್ಲಿ ಉಳಿಯಲು ಒಂದು ನೆಪ ಸಿಕ್ಕಿತು. ಅವನಿಗೆ ಯಾರು ಎಲ್ಲಿದ್ದಾರೆ, ಯಾರ ಸ್ಥಿತಿ ಏನು ಎಂದು ಗೊತ್ತಿತ್ತು. ನೋಟಿಸು ಬಂದ ದಿನ ಯಾರಿಗೆ ಹೇಳಬೇಕು ಎಂದು ಹುಡುಕಿಕೊಂಡು ಹೋಗಲು ಕಾಲು ಇತ್ತು, ಮಾತು ಇತ್ತು, ಮೇಲಿನ ಊರಿನವರು ಕೂರಿಸಿ ಮಾತಾಡಿಸುವ ಮುಖ ಇತ್ತು. ಆ ಕೊನೆಯದನ್ನು ಹೇಳಲು ಮುಜುಗರ, ಆದರೂ ಹೇಳಬೇಕು. ಅದೇ ಮಾತನ್ನು ಸುರಂಗದಿಂದ ನೇರ ಎದ್ದು ಬಂದವನು ಹೇಳಿದ್ದರೆ ಬಾಗಿಲ ಕಾವಲುಗಾರನೇ ವಾಪಸ್ ಕಳಿಸುತ್ತಿದ್ದ.

ಇನ್ನೊಂದು ಕಡೆ, ನಿವಾಸಿಗಳು. ದಿನಾ ಎದ್ದು, ಇಷ್ಟು ಹೊತ್ತಿಗೆ ಇಂಥ ಕಡೆ ಸೇರಬೇಕು, ಇಂಥ ಸಾಮಾನು ತರಬೇಕು ಎನ್ನುವ ಕೆಲಸ ಸಿಕ್ಕಿತು. ಒಬ್ಬರ ಮೇಲೊಬ್ಬರು ನೆಚ್ಚಿಕೊಳ್ಳುವ ಅಭ್ಯಾಸವಾಯಿತು. ವೋಚರ್ ಬಂದಾಗ ಅವರು ಒಬ್ಬೊಬ್ಬರೇ ಅರ್ಜಿದಾರರಾಗಿ ಉಳಿದಿರಲಿಲ್ಲ, ಆಗಲೇ ಒಂದು ತಂಡ ಆಗಿದ್ದರು. ಇದನ್ನು ಅಳೆದು ತೋರಿಸಲು ಆಗುವುದಿಲ್ಲ. ನನ್ನ ಅನಿಸಿಕೆ ಎಂದೇ ಇಟ್ಟುಕೊಳ್ಳಿ.

ಹಾಗೆಂದು ಸಿನಿಮಾ ಕೈಗೆ ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೊರಟರೆ ಅವರನ್ನು ತಡೆಯಬೇಕಾಗುತ್ತದೆ. ಸರಪಳಿಯಲ್ಲಿ ಯಾವ ಕೊಂಡಿ ತೆಗೆದರೂ ಇದು ಬೀಳುತ್ತಿತ್ತು. ವೋಚರ್ ಇಲ್ಲದಿದ್ದರೆ ಸಿಂಗರ್ ಬಳಿ ಒಳ್ಳೆಯ ಫುಟೇಜು ಇರುತ್ತಿತ್ತು, ಜನ ಬೀದಿಯಲ್ಲಿರುತ್ತಿದ್ದರು. ಸಂಸ್ಥೆ ಇಲ್ಲದಿದ್ದರೆ ವೋಚರ್ ಇಲ್ಲ. ಮತ್ತೆ, ಹೇಳಲು ವಿಚಿತ್ರ ಅನ್ನಿಸುತ್ತದೆ, ನೋಟಿಸು ಇಲ್ಲದಿದ್ದರೆ? ಆ ಗಡುವೇ ಇರದಿದ್ದರೆ ಯಾವ ಇಲಾಖೆಯೂ ಆ ವರ್ಷ ಅವರ ಕಡೆ ತಿರುಗುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ. ಸುರಂಗದಲ್ಲಿ ತೆಪ್ಪಗೆ ಇದ್ದಷ್ಟು ದಿನ ಅವರು ಯಾರಿಗೂ ಸಮಸ್ಯೆ ಆಗಿರಲಿಲ್ಲ. ರೈಲಿಗೆ ಅಡ್ಡ ಬಂದ ಮೇಲೆ ಸಮಸ್ಯೆ ಆದರು.

ಮೊದಲು ಚಟ ಬಿಡಲಿ ಎನ್ನುವವರಿಗೆ

ಈ ಕಥೆ ಕೇಳಿದಾಗ ಒಂದು ಆಕ್ಷೇಪ ಖಂಡಿತ ಬರುತ್ತದೆ. ಕ್ರ್ಯಾಕ್ ಸೇದುವವರಿಗೆ ಮನೆ ಕೊಡುವುದಾ? ಮೊದಲು ಬಿಡಲಿ, ಆಮೇಲೆ ನೋಡೋಣ. 1990ರ ದಶಕದಲ್ಲಿ ಸಹಾಯ ಮಾಡುವ ಸಂಸ್ಥೆಗಳಲ್ಲೂ ಬಹಳಷ್ಟು ಹಾಗೇ ನಡೆಯುತ್ತಿದ್ದವು. ಮೆಟ್ಟಿಲು ಲೆಕ್ಕ: ಶೆಲ್ಟರ್, ಚಿಕಿತ್ಸೆ, ಒಂದಷ್ಟು ದಿನ ನಿಗಾ, ಕೊನೆಗೆ ಮನೆ. ಒಂದು ಮೆಟ್ಟಿಲಲ್ಲಿ ಜಾರಿದರೆ ಮತ್ತೆ ಕೆಳಗಿನಿಂದ.

ಅದೇ ನ್ಯೂಯಾರ್ಕಿನಲ್ಲಿ 1992ರಲ್ಲಿ ಸ್ಯಾಮ್ ಸೆಂಬರಿಸ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ತಲೆಕೆಳಗು ಮಾಡಿದ. ಅವನ ಸಂಸ್ಥೆ ‘ಪಾಥ್‌ವೇಸ್ ಟು ಹೌಸಿಂಗ್’, ಬೀದಿಯಲ್ಲಿದ್ದ ಮಾನಸಿಕ ಕಾಯಿಲೆಯವರಿಗೆ ಮೊದಲು ಬೀಗದ ಕೈ ಕೊಟ್ಟಿತು. ಚಿಕಿತ್ಸೆ ಆಮೇಲೆ, ಅದೂ ಅವರು ಒಪ್ಪಿದರೆ. ಇವತ್ತು ‘ಹೌಸಿಂಗ್ ಫಸ್ಟ್’ ಎಂದು ಕರೆಯುವುದು ಇದನ್ನೇ. 2000ದಲ್ಲಿ, ಅಂದರೆ ‘ಡಾರ್ಕ್ ಡೇಸ್’ ಬಂದ ವರ್ಷವೇ, ಅವರ ಅಧ್ಯಯನ ಪ್ರಕಟವಾಯಿತು. ಐದು ವರ್ಷದ ನಂತರವೂ 88% ಜನ ಮನೆಯಲ್ಲೇ ಇದ್ದರು. ಮೆಟ್ಟಿಲು ಹತ್ತಿಸುವ ಪದ್ಧತಿಯಲ್ಲಿ 47%.

ಸುರಂಗದವರು ಆ ಕಾರ್ಯಕ್ರಮಕ್ಕೆ ಸೇರಿದವರಲ್ಲ. ಆದರೆ ನಡೆದದ್ದು ಅದೇ ಜಾಡಿನಲ್ಲಿ. ಚಟದ ಬಗ್ಗೆ ಸಿನಿಮಾದಲ್ಲಿ ಅವರೇ ಮಾತಾಡುವುದನ್ನು ಕೇಳಿ. ಕೆಲವರು ಬಿಟ್ಟಿದ್ದಾರೆ, ಕೆಲವರು ಬಿಡಬೇಕು ಅನ್ನುತ್ತಾರೆ, ಕೆಲವರು ಸೇದುತ್ತಲೇ ಮಾತಾಡುತ್ತಾರೆ. ಸೂರ್ಯನೇ ಕಾಣದ ಜಾಗದಲ್ಲಿ ‘ನಾಳೆಯಿಂದ ಬಿಡ್ತೀನಿ’ ಅನ್ನುವವನಿಗೆ ನಾಳೆ ಯಾವಾಗ ಶುರುವಾಗುತ್ತದೆ?

ಸಿನಿಮಾದ ಬಗ್ಗೆ ನನಗೂ ಒಂದು ತಕರಾರಿದೆ. ಅದು ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಬೆಳಕು ಬೀಳುವ ಕಿಟಕಿ, ಬಿಳಿ ಗೋಡೆ, ಹೊಸ ಅಡುಗೆಮನೆ, ಮುಖದಲ್ಲಿ ನಗು. ಅಲ್ಲಿಗೆ ಮುಕ್ತಾಯ. ಎದುರಿಗೆ ಕೂತ ನಮಗೆ ಹಾಯಾಗುತ್ತದೆ, ಎದ್ದು ಹೋಗುತ್ತೇವೆ. ಆದರೆ ಒಂಟಿ ಮನೆಯ ಮೊದಲ ರಾತ್ರಿ ಅಷ್ಟು ಸುಲಭ ಅಲ್ಲ. ಸುರಂಗದಲ್ಲಿ ಕೂಗಿದರೆ ಓ ಎನ್ನುವವರು ಇದ್ದರು. ಇಲ್ಲಿ ಗೋಡೆಯಾಚೆ ಇರುವವರ ಹೆಸರು ಗೊತ್ತಿಲ್ಲ.

ಮನೆಯ ಜೊತೆಗೆ ಬರುವ ಕೆಲಸಗಳೂ ಇವೆ. ವೋಚರ್ ಇದ್ದವರು ವರ್ಷಕ್ಕೊಮ್ಮೆ ಆದಾಯದ ಕಾಗದ ಮತ್ತೆ ತೋರಿಸಬೇಕು. ಮನೆ ಸರಿಯಾಗಿದೆಯಾ ಎಂದು ತಪಾಸಣೆಗೆ ಬರುತ್ತಾರೆ. ತಮ್ಮ ಪಾಲಿನ ಬಾಡಿಗೆ ತಾರೀಕಿಗೆ ಸರಿಯಾಗಿ ಕೊಡಬೇಕು. ಕರೆಂಟಿಗೂ ದುಡ್ಡು. ಸುರಂಗದಲ್ಲಿ ಲೈನಿನಿಂದ ಎಳೆದ ಕರೆಂಟು ಪುಕ್ಕಟೆ ಇತ್ತು, ಒಲೆ ಎಷ್ಟು ಹೊತ್ತು ಉರಿದರೂ ಕೇಳುವವರಿರಲಿಲ್ಲ. ಬಾಡಿಗೆ ಮನೆಯಲ್ಲಿ ತಿಂಗಳು ತುಂಬುವ ಹೊತ್ತಿಗೆ ಬಾಗಿಲ ಸಂದಿಯಿಂದ ಒಂದು ಲಕೋಟೆ ಒಳಗೆ ಬೀಳುತ್ತದೆ. ಕರೆಂಟ್ ಬಿಲ್ಲು. ಅದರ ಮೇಲೆ ಬಾಡಿಗೆದಾರನ ಹೆಸರು, ಹೆಸರಿನ ಕೆಳಗೆ ಬೀದಿ, ಮನೆ ನಂಬರು.